ಅಳಲೆಕಾಯಿ, ಬೆಲ್ಲ, ತುಕ್ಕು ಮೊಳೆ: ಬಗ್ರು ಕ್ರಮದಲ್ಲಿ ಮನೆಯಲ್ಲೇ ಅಚ್ಚಿನ ದುಪಟ್ಟಾ ಮಾಡುವ ಸಮಗ್ರ ಮಾರ್ಗದರ್ಶಿ

ಬ್ಲಾಕ್ ಪ್ರಿಂಟ್ ಅಂದ ತಕ್ಷಣ ಮರದ ಅಚ್ಚು, ಬಣ್ಣದ ತಟ್ಟೆ, ಟಪ್ ಟಪ್ ಅಂತ ಒತ್ತುವ ಕೈ ಕಣ್ಣಿಗೆ ಬರುತ್ತದೆ ಅಲ್ವಾ? ನನಗೂ ಹಾಗೇ ಬರುತ್ತಿತ್ತು. ಬಗ್ರು ಊರಿನ ಒಂದು ಅಂಗಳದಲ್ಲಿ ಎರಡು ದಿನ ಕೂತು ನೋಡಿದ ಮೇಲೆ ಗೊತ್ತಾಯಿತು, ಅಚ್ಚು ಒತ್ತುವುದು ಇಡೀ ಕೆಲಸದಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದೆಲ್ಲ ನೀರು, ಬಿಸಿಲು, ಕಾಯುವುದು. ತೊಳೆದು ಒಣಗಿಸಿ, ನೆನೆಸಿ ಒಣಗಿಸಿ, ಒತ್ತಿ ಒಣಗಿಸಿ, ಮತ್ತೆ ತೊಳೆದು, ಕುದಿಸಿ, ಮತ್ತೆ ಬಿಸಿಲಿಗೆ ಹರಡಿ, ಹೀಗೆ ಒಂದು ಬಟ್ಟೆ ಎಷ್ಟು ಸಲ ಒದ್ದೆಯಾಗಿ ಎಷ್ಟು ಸಲ ಒಣಗುತ್ತದೆ ಅಂತ ಲೆಕ್ಕ ಹಾಕಲು ಹೋಗಿ ನಾನು ಮಧ್ಯದಲ್ಲೇ ಬಿಟ್ಟೆ.

ಬಗ್ರು ಇರುವುದು ಜೈಪುರದಿಂದ ಅಜ್ಮೇರ್‌ಗೆ ಹೋಗುವ ದಾರಿಯಲ್ಲಿ, ಸುಮಾರು 30 ಕಿಲೋಮೀಟರ್ ದೂರದಲ್ಲಿ. ಅಲ್ಲಿ ಈ ಕೆಲಸ ಮಾಡುವವರು ಛೀಪಾ ಜನ. ಇವರು ಸಂತ ನಾಮದೇವರನ್ನು ತಮ್ಮವರೆಂದು ಪೂಜಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದ ನಾಮದೇವ ಸಿಂಪಿ ಸಮಾಜದವರಿಗೂ ಅದೇ ನಾಮದೇವರು. ಅಲ್ಲಿ ಬಟ್ಟೆಗೆ ಅಚ್ಚು ಒತ್ತುವವರು, ಇಲ್ಲಿ ಬಟ್ಟೆ ಹೊಲಿಯುವವರು, ಇಬ್ಬರಿಗೂ ಒಬ್ಬರೇ ಸಂತ. ಅಲ್ಲಿನ ಮನೆಯ ಗೋಡೆ ಮೇಲೆ ನಾಮದೇವರ ಪಟ ನೋಡಿದಾಗ ನನಗೆ ನಮ್ಮ ಬೀದಿಯ ಸಿಂಪಿಗರ ಅಂಗಡಿ ನೆನಪಾಯಿತು.

ಪಕ್ಕದ ಸಾಂಗಾನೇರ್‌ನಲ್ಲಿ ಬಿಳಿ ಬಟ್ಟೆ ಮೇಲೆ ಸಣ್ಣ ಸಣ್ಣ ಹೂಬಳ್ಳಿ. ಬಗ್ರುದು ಬೇರೆ. ಕೆನೆ ಬಣ್ಣದ ನೆಲ, ಅಂದರೆ ಬಟ್ಟೆಯ ಹಿನ್ನೆಲೆ, ಅದರ ಮೇಲೆ ಕಪ್ಪು ಮತ್ತು ಕೆಂಪು. ಕಪ್ಪಿಗೆ ಸ್ಯಾಹಿ ಅಂತಾರೆ, ಕೆಂಪಿಗೆ ಬೇಗರ್. ಈ ಎರಡು ಬಣ್ಣದ ಕೆಲಸವನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಕಾರಣ ಸರಳ: ಇದಕ್ಕೆ ಬೇಕಾದದ್ದೆಲ್ಲ ನಮ್ಮೂರಿನ ಗ್ರಂಥಿಗೆ ಅಂಗಡಿಯಲ್ಲಿ ಮತ್ತು ಅಡುಗೆ ಮನೆಯಲ್ಲೇ ಸಿಗುತ್ತದೆ. ಪೂರ್ತಿ ಮಾಡಲು ಮೂರು ವಾರ ಬೇಕು. ಅದರಲ್ಲಿ ನೀವು ಕೈ ಆಡಿಸುವುದು ನಾಲ್ಕೈದು ದಿನ ಮಾತ್ರ.

ಎಲ್ಲಕ್ಕಿಂತ ಮೊದಲು ನಿಮ್ಮ ನೀರು ಪರೀಕ್ಷಿಸಿ

ಇದನ್ನು ಯಾರೂ ಮೊದಲು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ನನ್ನ ಮೊದಲ ಬಟ್ಟೆ ಅಳಲೆಕಾಯಿ ನೀರಿಗೆ ಬಿದ್ದ ಹತ್ತು ನಿಮಿಷಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಒಂದು ಅಚ್ಚೂ ಒತ್ತಿರಲಿಲ್ಲ. ತಪ್ಪು ನಮ್ಮ ಬೋರ್‌ವೆಲ್ ನೀರಿನದು. ಅದರಲ್ಲಿ ಕಬ್ಬಿಣ ಇತ್ತು. ಅಳಲೆಕಾಯಿಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಬಗ್ರು ಕಪ್ಪಿನ ಗುಟ್ಟೇ ಅದು. ಆದರೆ ಆ ಕಪ್ಪು ಅಚ್ಚು ಬಿದ್ದ ಕಡೆ ಮಾತ್ರ ಬರಬೇಕು, ಇಡೀ ಬಟ್ಟೆಗಲ್ಲ.

ಹಾಗಾಗಿ ಹೀಗೆ ಮಾಡಿ. ಒಂದು ಚಮಚ ಅಳಲೆಕಾಯಿ ಪುಡಿಯನ್ನು ಅರ್ಧ ಲೋಟ ಕ್ಯಾನ್ ನೀರಿನಲ್ಲಿ ಕುದಿಸಿ, ಸೋಸಿ. ಬಿಳಿ ಬಟ್ಟಲಿನಲ್ಲಿ ನೀವು ಬಳಸಬೇಕೆಂದಿರುವ ನೀರು ಹಾಕಿ ಅದಕ್ಕೆ ಈ ಕಷಾಯದ ನಾಲ್ಕು ಹನಿ ಬಿಡಿ. ನೀರು ತಿಳಿ ಹಳದಿಯಾಗಿಯೇ ಉಳಿದರೆ ಸರಿ. ಬೂದಿ ಅಥವಾ ನೀಲಿಗಪ್ಪು ಛಾಯೆ ಬಂದರೆ ಆ ನೀರು ಬೇಡ. ಮಳೆ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಇದು ಸಣ್ಣ ವಿಷಯ ಅಂತ ಅನ್ನಿಸಿದರೆ ಕಚ್ಛ್ ಕಡೆ ನೋಡಿ. ಅಜ್ರಖ್ ಎಂಬ ಅಚ್ಚಿನ ಬಟ್ಟೆ ಮಾಡುವ ಖತ್ರಿ ಕುಟುಂಬಗಳು ತಲೆಮಾರುಗಳಿಂದ ಧಮಡ್ಕಾ ಊರಿನಲ್ಲಿದ್ದವು. 2001ರ ಜನವರಿ 26ರ ಭೂಕಂಪ ಆ ಊರನ್ನು ನೆಲಸಮ ಮಾಡಿತು. ಅಷ್ಟೇ ಅಲ್ಲ, ನೆಲದ ನೀರಿನ ಗುಣವೂ ಬದಲಾಗಿ ಕಬ್ಬಿಣದ ಅಂಶ ಹೆಚ್ಚಾಯಿತು. ಮನೆ ಮತ್ತೆ ಕಟ್ಟಬಹುದು, ನೀರನ್ನು ಏನು ಮಾಡುವುದು? ಹಲವು ಕುಟುಂಬಗಳು ಒಟ್ಟಾಗಿ ಭುಜ್ ಹತ್ತಿರ ಬೇರೆ ಜಾಗ ಹುಡುಕಿಕೊಂಡು ಹೊಸ ಊರನ್ನೇ ಕಟ್ಟಿದವು. ಅದಕ್ಕೆ ಅಜ್ರಖ್‌ಪುರ ಅಂತ ಹೆಸರಿಟ್ಟವು. ಇದರ ಹಿಂದಿದ್ದವರಲ್ಲಿ ಒಬ್ಬರು ಇಸ್ಮಾಯಿಲ್ ಮೊಹಮ್ಮದ್ ಖತ್ರಿ. ನೈಸರ್ಗಿಕ ಬಣ್ಣಗಳ ಮೇಲಿನ ಅವರ ಕೆಲಸಕ್ಕೆ ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯ 2003ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಬಣ್ಣಕ್ಕೋಸ್ಕರ ಊರು ಬದಲಿಸಿದ ಜನ ಇವರು. ನಾವು ಎರಡು ಬಕೆಟ್ ನೀರು ಬದಲಿಸುವುದು ದೊಡ್ಡದಲ್ಲ.

ಸಾಮಾನು

ಎರಡೂವರೆ ಮೀಟರ್ ತೆಳು ಹತ್ತಿ ಬಟ್ಟೆ, ಮಲ್‌ಮಲ್ ಅಂತ ಕೇಳಿ. ಬೆಂಗಳೂರಿನವರಿಗೆ ಚಿಕ್ಕಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಪಾಲಿಯೆಸ್ಟರ್ ಒಂದೆಳೆ ಸೇರಿದ್ದರೂ ಬೇಡ. ಒಂದು ನೂಲು ಎಳೆದು ಸುಟ್ಟು ನೋಡಿ: ಕಾಗದದಂತೆ ಉರಿದು ಬೂದಿಯಾದರೆ ಹತ್ತಿ, ಕರಗಿ ಗಂಟಾದರೆ ಅಲ್ಲ. ಇಂಥ ದುಪಟ್ಟಾ ಸುಮಾರು 150 ಗ್ರಾಂ ತೂಗುತ್ತದೆ, ಕೆಳಗಿನ ಅಳತೆಯೆಲ್ಲ ಅದಕ್ಕೇ.

ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ಪುಡಿ 50 ಗ್ರಾಂ, ಪಟಿಕ 50 ಗ್ರಾಂ, ಮಂಜಿಷ್ಠ (ಕೆಂಪು ಕೊಡುವ ಬೇರು) ಪುಡಿ 150 ಗ್ರಾಂ, ಒಣಗಿದ ಧಾತಕಿ ಹೂ ಒಂದು ಹಿಡಿ. ಹುಣಸೆ ಬೀಜದ ಪುಡಿ 50 ಗ್ರಾಂ. ಇದು ಪುಡಿಯಾಗಿ ಸಿಗದಿದ್ದರೆ ಬೀಜ ಹುರಿದು, ಸಿಪ್ಪೆ ತೆಗೆದು, ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಉಣ್ಣೆ ನೂಲಿಗೆ ಹಾಕುವುದು ಇದೇ ಹುಣಸೆ ಬೀಜದ ಗಂಜಿ. ಅದೇ ಗಂಜಿ ಬಗ್ರುವಿನಲ್ಲಿ ಬಣ್ಣ ಹರಡದಂತೆ ಹಿಡಿದಿಡುತ್ತದೆ.

ಮತ್ತೆ ಬೆಲ್ಲ 100 ಗ್ರಾಂ, ತುಕ್ಕು ಹಿಡಿದ ಮೊಳೆ ಅಥವಾ ಕಬ್ಬಿಣದ ಚೂರು ಅರ್ಧ ಕಿಲೋ, ಬಟ್ಟೆ ಸೋಡಾ, ಒಂದು ಹಿಡಿ ಗೋಧಿ ಹೊಟ್ಟು, ಚಿಟಿಕೆ ಕಾವಿ ಮಣ್ಣು. ಎರಡು ದೊಡ್ಡ ಸ್ಟೀಲ್ ಪಾತ್ರೆ. ಈ ಪಾತ್ರೆಗಳಲ್ಲಿ ಮತ್ತೆ ಅಡುಗೆ ಮಾಡಬೇಡಿ, ಬೇರೆಯೇ ಇಡಿ. ಕಬ್ಬಿಣದ ಬಾಣಲೆ ಎಲ್ಲೂ ಮುಟ್ಟಬಾರದು.

ಅಚ್ಚು ಎರಡು ಬೇಕು, ಒಂದಕ್ಕೊಂದು ಜೋಡಿ. ಗೆರೆಯ ಅಚ್ಚಿಗೆ ರೇಖ್ ಅಂತಾರೆ, ಒಳಗಿನ ಬಣ್ಣ ತುಂಬುವ ಅಚ್ಚಿಗೆ ದತ್ತಾ. ನೆಲ ತುಂಬುವ ಮೂರನೆಯದು ಗದ್, ಅದು ಈಗ ಬೇಡ. ಗುಜರಾತಿನ ಗಾಂಧಿನಗರದ ಹತ್ತಿರ ಪೇಥಾಪುರ, ಉತ್ತರ ಪ್ರದೇಶದ ಫರೂಖಾಬಾದ್, ಇವೆರಡೂ ಅಚ್ಚು ಕೆತ್ತುವುದಕ್ಕೆ ಹೆಸರಾದ ಊರುಗಳು. ತೇಗ ಅಥವಾ ಶೀಶಮ್ ಮರದ್ದು ತೆಗೆದುಕೊಳ್ಳಿ, ನಾಲ್ಕು ಇಂಚಿಗಿಂತ ದೊಡ್ಡದು ಮೊದಲ ಸಲಕ್ಕೆ ಬೇಡ. ಅಲಂಕಾರಕ್ಕೆ ಅಂತ ಮಾರುವ ಅಚ್ಚುಗಳ ಮುಖ ಸಮ ಇರುವುದಿಲ್ಲ. ಗಾಜಿನ ಮೇಲೆ ಮುಖ ಕೆಳಗಾಗಿ ಇಟ್ಟು ಅಲ್ಲಾಡಿಸಿ ನೋಡಿ, ಕುಂಟಿದರೆ ಬೇಡ. ಬದಿಯಲ್ಲೋ ಹಿಂಬದಿಯಲ್ಲೋ ಸಣ್ಣ ತೂತುಗಳಿದ್ದರೆ ಅದು ಹುಳ ತಿಂದದ್ದಲ್ಲ, ಗಾಳಿ ಆಡಲು ಮತ್ತು ಜಾಸ್ತಿಯಾದ ಬಣ್ಣ ಹೊರ ಹೋಗಲು ಕೊರೆದದ್ದು. ಹೊಸ ಅಚ್ಚನ್ನು ಹತ್ತು ಹದಿನೈದು ದಿನ ಎಣ್ಣೆಯಲ್ಲಿ ಮುಳುಗಿಸಿಡಿ, ಕಡಲೆಕಾಯಿ ಎಣ್ಣೆಯೇ ಸಾಕು. ಎಣ್ಣೆ ಕುಡಿದ ಮರ ನೀರಿಗೆ ಸೀಳುವುದಿಲ್ಲ. ಬಳಸುವ ಹಿಂದಿನ ದಿನ ಒರೆಸಿ, ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ.

ಕಪ್ಪಿನ ಜಾಡಿ, ಎರಡು ವಾರ ಮೊದಲೇ

ಮೊಳೆಗಳ ಎಣ್ಣೆ ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆದು ಮಣ್ಣಿನ ಮಡಕೆಗೆ ಅಥವಾ ಗಾಜಿನ ಜಾಡಿಗೆ ಹಾಕಿ. ಬೆಲ್ಲವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಸುರಿಯಿರಿ. ಬಾಯಿಗೆ ಬಟ್ಟೆ ಕಟ್ಟಿ. ಬಿಗಿ ಮುಚ್ಚಳ ಹಾಕಬೇಡಿ, ಒಳಗೆ ಹುದುಗು ಎದ್ದು ಗಾಳಿ ತುಂಬುತ್ತದೆ.

ಮೂರನೇ ದಿನಕ್ಕೆ ನೊರೆ ಬರುತ್ತದೆ, ವಾರಕ್ಕೆ ಹುಳಿ ವಾಸನೆ. ಬೇಸಿಗೆಯಲ್ಲಿ ಹತ್ತು ದಿನಕ್ಕೆ ಸಿದ್ಧವಾದರೂ ಆಗಬಹುದು, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಇಪ್ಪತ್ತು ದಿನ ದಾಟುತ್ತದೆ. ನೋಡುವುದು ಹೇಗೆ ಅಂದರೆ, ಅಳಲೆಕಾಯಿ ಕಷಾಯದಲ್ಲಿ ಅದ್ದಿ ಒಣಗಿಸಿದ ಬಟ್ಟೆ ಚೂರಿನ ಮೇಲೆ ಒಂದು ಹನಿ ಬಿಡಿ. ಕಣ್ಣೆದುರೇ ಕಪ್ಪಾದರೆ ಆಯಿತು. ಬೂದಿಯಲ್ಲೇ ನಿಂತರೆ ಇನ್ನೊಂದು ವಾರ ಬಿಡಿ.

ಕಪ್ಪು ಗಾಢವಾಗಲಿ ಅಂತ ಇದನ್ನು ಕುದಿಸಿ ಗಟ್ಟಿ ಮಾಡಲು ಹೋಗಬೇಡಿ. ಕಬ್ಬಿಣ ಜಾಸ್ತಿಯಾದರೆ ವರ್ಷಗಳು ಕಳೆದಂತೆ ಹತ್ತಿಯನ್ನು ತಿಂದುಬಿಡುತ್ತದೆ. ಹಳೆಯ ಅಚ್ಚಿನ ಬಟ್ಟೆಗಳಲ್ಲಿ ಎಷ್ಟೋ ಕಡೆ ಕೆಂಪು ಹೂ ಹಾಗೇ ಉಳಿದು, ಸುತ್ತಲಿನ ಕಪ್ಪು ಗೆರೆ ಮಾತ್ರ ಕತ್ತರಿಸಿದ ಹಾಗೆ ತೂತಾಗಿರುವುದು ಇದರಿಂದಲೇ.

ಬಟ್ಟೆಯ ಗಂಜಿ ಬಿಡಿಸುವುದು

ಅಂಗಡಿಯ ಬಟ್ಟೆಗೆ ಗಂಜಿ, ಮೇಣ, ಜಿಡ್ಡು ಎಲ್ಲ ಇರುತ್ತದೆ. ಬಗ್ರುವಿನಲ್ಲಿ ಹಳೆಯ ಕ್ರಮದಲ್ಲಿ ಸಗಣಿ, ಎಳ್ಳೆಣ್ಣೆ, ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ತುಳಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆಯುತ್ತಾರೆ. ಮನೆಯಲ್ಲಿ ಐದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿದರೆ ಸಾಕು. ಬಿಳಿ ಬಟ್ಟೆಯಿಂದ ಚಹಾದಂಥ ನೀರು ಇಳಿಯುತ್ತದೆ. ನಾಲ್ಕೈದು ನೀರಿನಲ್ಲಿ ಜಾಲಿಸಿ. ಒಣಗಿದ ಮೇಲೆ ಒಂದು ಹನಿ ನೀರು ಹಾಕಿ: ತಕ್ಷಣ ಹೀರಿಕೊಳ್ಳಬೇಕು, ಮುತ್ತಿನ ಹಾಗೆ ನಿಂತರೆ ಮತ್ತೆ ಕುದಿಸಿ.

ಅಳಲೆಕಾಯಿ

30 ಗ್ರಾಂ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದೆ ಕಲಸಿ ಮೂರು ಲೀಟರ್ ಬಿಸಿ ನೀರಿಗೆ ಸೇರಿಸಿ, ಉಗುರು ಬೆಚ್ಚಗಾದ ಮೇಲೆ ಬಟ್ಟೆಯಲ್ಲಿ ಸೋಸಿ. ಒದ್ದೆ ಬಟ್ಟೆ ಅದರಲ್ಲಿ ಒಂದು ಗಂಟೆ ಇರಲಿ, ಆಗಾಗ ತಿರುಗಿಸಿ. ಆಮೇಲೆ ಹಿಂಡಿ. ತೊಳೆಯಬೇಡಿ, ಇಲ್ಲಿ ತುಂಬಾ ಜನ ಅಭ್ಯಾಸಬಲದಿಂದ ತೊಳೆದುಬಿಡುತ್ತಾರೆ.

ಒಣಗಿಸುವಾಗ ತಂತಿಯ ಮೇಲೆ ಹಾಕಬೇಡಿ. ಒಗರೆಲ್ಲ ಕೆಳಗಿಳಿದು ಒಂದು ಅಂಚಿನಲ್ಲಿ ಕೂರುತ್ತದೆ. ಟೆರೇಸಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಟ್ಟಸವಾಗಿ ಹರಡಿ, ಬಿಸಿಲು ಬೀಳಲಿ. ಬಗ್ರುವಿನಲ್ಲಿ ಊರಾಚೆ ಬಯಲಿನ ತುಂಬ ಹೀಗೆ ಹಳದಿ ಬಟ್ಟೆಗಳನ್ನು ಹಾಸಿರುತ್ತಾರೆ. ಬಟ್ಟೆ ತಿಳಿ ಹಳದಿಯಾಗಿ, ಸ್ವಲ್ಪ ಗರಿಗರಿಯಾಗಿ ಒಣಗುತ್ತದೆ. ಬಿಸಿಲು ಬಿದ್ದ ಮುಖಕ್ಕೆ ಮೂಲೆಯಲ್ಲಿ ದಾರದ ಗುರುತು ಹಾಕಿಕೊಳ್ಳಿ, ಆ ಮುಖಕ್ಕೇ ಅಚ್ಚು ಒತ್ತುವುದು. ಮೇಲೆ ಕೂತ ಪುಡಿಯನ್ನು ಕೈಯಿಂದ ಒರೆಸಿ ಕೊಡವಿ.

ಎರಡು ಗಂಜಿ ಕಾಯಿಸುವುದು

ಕಪ್ಪಿಗೆ: ಜಾಡಿಯ ನೀರು 200 ಮಿಲಿಲೀಟರ್ ಸೋಸಿಕೊಂಡು, 12 ಗ್ರಾಂ ಹುಣಸೆ ಬೀಜದ ಪುಡಿ ಕಲಸಿ ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರಿ. ಕೆಂಪಿಗೆ: 20 ಗ್ರಾಂ ಪಟಿಕವನ್ನು 250 ಮಿಲಿಲೀಟರ್ ಬಿಸಿ ನೀರಿನಲ್ಲಿ ಕರಗಿಸಿ, 15 ಗ್ರಾಂ ಬೀಜದ ಪುಡಿ ಹಾಕಿ ಅದೇ ರೀತಿ ಕಾಯಿಸಿ. ಮುಂದೆ ಮಂಜಿಷ್ಠದ ಕೆಂಪು ಹಿಡಿಯುವುದು ಪಟಿಕ ಬಿದ್ದ ಕಡೆ. ಆದರೆ ಪಟಿಕಕ್ಕೆ ಬಣ್ಣವೇ ಇಲ್ಲ, ಒತ್ತಿದ್ದು ಕಾಣುವುದಿಲ್ಲ. ಅದಕ್ಕೇ ಚಿಟಿಕೆ ಕಾವಿ ಸೇರಿಸುವುದು. ಕಾವಿ ಕಣ್ಣಿಗೆ ಗುರುತು ಅಷ್ಟೇ, ತೊಳೆದಾಗ ಹೋಗುತ್ತದೆ.

ಎರಡೂ ರಾಗಿ ಅಂಬಲಿಯಷ್ಟು ಮಂದ ಇರಬೇಕು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ನೆನಪಿರಲಿ. ತೆಳು ಬಟ್ಟೆಯಲ್ಲಿ ಹಿಸುಕಿ ಸೋಸಿ, ಒಂದು ಗಂಟು ಉಳಿದರೂ ಅಚ್ಚಿನ ಸಂದಿಯಲ್ಲಿ ಕೂರುತ್ತದೆ. ಒಂದು ಹನಿಯನ್ನು ಬಟ್ಟೆ ಚೂರಿನ ಮೇಲೆ ಇಡಿ. ಸುತ್ತ ಒದ್ದೆ ಉಂಗುರ ಹರಡಿದರೆ ತೆಳುವಾಗಿದೆ ಅಂತ ಅರ್ಥ.

ಒತ್ತುವುದು

ಮೇಜಿನ ಮೇಲೆ ಕಂಬಳಿ ಎರಡು ಮಡಿಕೆ, ಅದರ ಮೇಲೆ ಹಳೆಯ ಹತ್ತಿ ಬೆಡ್‌ಶೀಟ್, ಅದರ ಮೇಲೆ ದುಪಟ್ಟಾ. ಸುಕ್ಕಿಲ್ಲದಂತೆ ಎಳೆದು ಗುಂಡುಪಿನ್ನು ಚುಚ್ಚಿ. ಮೇಜು ಮೆತ್ತಗಿರಬೇಕು, ಗಟ್ಟಿ ಹಲಗೆಯ ಮೇಲೆ ಗೆರೆ ಪೂರ್ತಿ ಬೀಳುವುದಿಲ್ಲ. ಬಣ್ಣದ ತಟ್ಟೆಗೆ ಅಗಲವಾದ ಟ್ರೇ ತೆಗೆದುಕೊಂಡು ಒಳಗೆ ದಪ್ಪ ಉಣ್ಣೆ ಬಟ್ಟೆ, ಅದರ ಮೇಲೆ ಮಲ್‌ಮಲ್ ಹಾಸಿ. ಗಂಜಿ ಸುರಿದು ಕೈಯಿಂದ ಸವರಿ ಹೀರಿಸಿ. ಅಚ್ಚನ್ನು ಇದರ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರೆ ಗೆರೆಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಅದ್ದಬೇಡಿ.

ಮೊದಲು ಕಪ್ಪು ಗೆರೆ, ಆಮೇಲೆ ಕೆಂಪು. ಅಂಚು ಮೊದಲು, ಒಡಲು ಆಮೇಲೆ. ಎಡದಿಂದ ಬಲಕ್ಕೆ. ಅಚ್ಚಿನ ಮೂಲೆಯಲ್ಲಿ ಒಂದೆರಡು ಸಣ್ಣ ಚುಕ್ಕೆ ಇರುತ್ತದೆ, ಹಿಂದಿನ ಅಚ್ಚಿನ ಚುಕ್ಕೆಯ ಮೇಲೆ ಮುಂದಿನದರ ಚುಕ್ಕೆ ಕೂತರೆ ಸಾಲು ಸರಿ ಇದೆ ಅಂತ. ಅಚ್ಚನ್ನು ನೇರ ಇಳಿಸಿ, ಎಡಗೈಯಲ್ಲಿ ಅಲ್ಲಾಡದಂತೆ ಹಿಡಿದು, ಬಲಗೈಯ ಅಂಗೈ ಬುಡದಿಂದ ಒಂದೇ ಏಟು. ನೇರ ಎತ್ತಿ. ಇಟ್ಟ ಮೇಲೆ ಸರಿಸಲು ಹೋಗಬಾರದು, ತಪ್ಪಾದರೂ ಸರಿ.

ಇಲ್ಲಿ ಸ್ವಲ್ಪ ನಿಂತು ನೋಡಿ. ಕಪ್ಪಿನ ಗಂಜಿ ಬಟ್ಟೆಗೆ ಬಿದ್ದಾಗ ಕಪ್ಪಗಿರುವುದಿಲ್ಲ, ಕೆಸರು ನೀರಿನ ಹಾಗೆ ಮಬ್ಬು ಬೂದು. ಮುಂದಿನ ಅಚ್ಚು ಒತ್ತಿ ತಿರುಗಿ ನೋಡುವಷ್ಟರಲ್ಲಿ ಹಿಂದಿನದು ಒಂದು ಛಾಯೆ ಗಾಢವಾಗಿರುತ್ತದೆ. ಸಾಲು ಮುಗಿಯುವ ಹೊತ್ತಿಗೆ ಎಡ ತುದಿಯ ಹೂ ಕಡುಕಪ್ಪು, ಬಲ ತುದಿಯದು ಇನ್ನೂ ಬೂದು, ನಡುವೆ ಎಲ್ಲ ಛಾಯೆಗಳೂ ಸಾಲಾಗಿ ನಿಂತಿರುತ್ತವೆ. ಆ ಕಪ್ಪು ತಟ್ಟೆಯಲ್ಲಿ ಇರಲಿಲ್ಲ, ಬಟ್ಟೆಯಲ್ಲೂ ಇರಲಿಲ್ಲ. ಎರಡೂ ಮುಟ್ಟಿದ ಜಾಗದಲ್ಲಿ ಹುಟ್ಟಿತು. ನಾನು ಇದನ್ನು ಎಷ್ಟು ಸಲ ನೋಡಿದ್ದರೂ ಇವತ್ತಿಗೂ ಕೈ ನಿಲ್ಲುತ್ತದೆ.

ಮೂಲೆ ತಿರುಗಿಸುವುದು ಕಷ್ಟ ಅಂತ ಎಲ್ಲರೂ ಹೆದರುತ್ತಾರೆ. ಒಂದು ಕಾಗದವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಮಡಚಿ ಬಟ್ಟೆಯ ಮೂಲೆಯ ಮೇಲಿಡಿ. ಒಂದು ಬದಿಯ ಅಂಚು ಒತ್ತಿಕೊಂಡು ಬಂದು ಅರ್ಧ ಅಚ್ಚು ಕಾಗದದ ಮೇಲೆ ಬೀಳಿಸಿ. ಒಣಗಿದ ಮೇಲೆ ಕಾಗದವನ್ನು ಒತ್ತಿದ ಬದಿಗೆ ಮುಚ್ಚಿ ಇನ್ನೊಂದು ಬದಿ ಒತ್ತಿ. ಎರಡೂ ಓರೆಯಲ್ಲಿ ಸೇರುತ್ತವೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಲ್ಕು ಇಂಚಿನ ಅಚ್ಚು ಅಂದರೆ ಸುಮಾರು ಹತ್ತು ಸೆಂಟಿಮೀಟರ್. ಎರಡೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ದುಪಟ್ಟಾ ತುಂಬಲು 250 ಏಟು, ಎರಡು ಬಣ್ಣಕ್ಕೆ 500. ಐದೂವರೆ ಮೀಟರ್ ಸೀರೆಗೆ ಒಂದು ಬಣ್ಣಕ್ಕೇ 600 ದಾಟುತ್ತದೆ, ಮೂರು ಬಣ್ಣ ಅಂದರೆ 1,900ರ ಹತ್ತಿರ. ನಿಮ್ಮ ಅಂಗೈ ಐವತ್ತಕ್ಕೇ ನೋಯುತ್ತದೆ. ದಿನವಿಡೀ ಒತ್ತುವವರು ಅಂಗೈ ಬುಡಕ್ಕೆ ಬಟ್ಟೆ ಸುತ್ತಿಕೊಳ್ಳುವುದು ಸುಮ್ನೆ ಅಲ್ಲ. ಮೊದಲ ಸಲ ಇಡೀ ಒಡಲು ತುಂಬಬೇಡಿ, ಅಂಚು ಮತ್ತು ಅಲ್ಲಲ್ಲಿ ಬಿಡಿ ಹೂ ಸಾಕು. ಕೆಲಸ ಮುಗಿದ ಕೂಡಲೇ ಅಚ್ಚನ್ನು ಬ್ರಷ್ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ.

ಕಾಯುವುದು, ತೊಳೆಯುವುದು

ಒತ್ತಿದ ಬಟ್ಟೆಯನ್ನು ಕನಿಷ್ಠ ಮೂರು ದಿನ ಗಾಳಿಯಾಡುವ ಕಡೆ ಹಾಗೇ ಬಿಡಿ. ಮಳೆಗಾಲವಾದರೆ ಐದಾರು ದಿನ. ಪಟಿಕ ಎಳೆಯ ಒಳಗೆ ಕೂತು ಒಗರಿನ ಜೊತೆ ಗಟ್ಟಿಯಾಗಲು ಇಷ್ಟು ಸಮಯ ಬೇಕೇ ಬೇಕು. ಮಡಚಿ ಇಡಬೇಡಿ.

ಆಮೇಲಿನ ತೊಳೆತವೇ ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮ. ಕೂರದೆ ಉಳಿದ ಪಟಿಕ ಮತ್ತು ಕಬ್ಬಿಣ ನೀರಿಗೆ ಬಿಡುತ್ತದೆ. ಬಟ್ಟೆ ಮುದುಡಿ ಬಿದ್ದರೆ ಅದು ಖಾಲಿ ನೆಲಕ್ಕೆ ಅಂಟುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ, ಕೆಂಪಿನ ನೀರಿಗೆ ಹಾಕಿದಾಗ ಅಲ್ಲೆಲ್ಲ ಗುಲಾಬಿ ಕಲೆ ಏಳುತ್ತದೆ. ನನ್ನ ಎರಡನೇ ದುಪಟ್ಟಾ ಹೀಗೇ ಕೆಟ್ಟಿತು, ಬಕೆಟ್ಟಿನಲ್ಲಿ ನೆನೆಹಾಕಿ ಫೋನ್ ಬಂತು ಅಂತ ಐದು ನಿಮಿಷ ಒಳಗೆ ಹೋಗಿದ್ದೆ. ಹಾಗಾಗಿ ದೊಡ್ಡ ಟಬ್, ತುಂಬ ನೀರು, ಇಬ್ಬರು ಇದ್ದರೆ ಒಳ್ಳೆಯದು. ಎರಡು ತುದಿ ಹಿಡಿದು, ಬಟ್ಟೆ ಎಲ್ಲೂ ನಿಲ್ಲದಂತೆ ಹಿಂದೆ ಮುಂದೆ ಆಡಿಸುತ್ತಲೇ ಇರಿ. ನಾಲ್ಕು ಸಲ ನೀರು ಬದಲಿಸಿ. ಛೀಪಾ ಜನ ಹರಿಯುವ ನೀರಿನ ದಡದಲ್ಲೇ ನೆಲೆಸಿದ್ದು ಇದಕ್ಕೋಸ್ಕರ. ಬಗ್ರುವಿನ ಸಂಜರಿಯಾ ಹೊಳೆ ಈಗ ಬತ್ತಿದೆ. ತೊಟ್ಟಿ ಕಟ್ಟಿಕೊಂಡು, ನೆಲದಿಂದ ನೀರೆತ್ತಿ ಇದೇ ಕೆಲಸ ಮುಂದುವರಿಸಿದ್ದಾರೆ.

ಕೆಂಪು ಬರುವ ಹೊತ್ತು

ಮಂಜಿಷ್ಠ ಪುಡಿಯನ್ನು ಹಿಂದಿನ ರಾತ್ರಿ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ, ಏಳು ಲೀಟರ್ ಆಗುವಷ್ಟು ನೀರು ಸೇರಿಸಿ. ಧಾತಕಿ ಹೂವನ್ನು ಸಣ್ಣ ಗಂಟು ಕಟ್ಟಿ ಹಾಕಿ, ಅದು ಖಾಲಿ ನೆಲಕ್ಕೆ ಕೆಂಪು ಹತ್ತುವುದನ್ನು ತಗ್ಗಿಸುತ್ತದೆ. ನೀರು ಸ್ವಲ್ಪ ಗಡಸಾಗಿದ್ದರೆ ಕೆಂಪಿಗೆ ಒಳ್ಳೆಯದೇ, ಕಬ್ಬಿಣ ಇರಬಾರದು ಅಷ್ಟೇ.

ಒದ್ದೆ ಬಟ್ಟೆಯನ್ನು ಉಗುರು ಬೆಚ್ಚಗಿನ ನೀರಿಗೆ ಇಳಿಸಿ. ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ ಬಿಸಿ ಏರಿಸಿ, 65ರಿಂದ 70 ಡಿಗ್ರಿಗೆ ನಿಲ್ಲಿಸಿ. ಥರ್ಮಾಮೀಟರ್ ಇಲ್ಲದಿದ್ದರೆ, ಹಬೆ ಚೆನ್ನಾಗಿ ಏಳಬೇಕು, ಕುದಿ ಬರಬಾರದು. ಕುದಿಸಿದರೆ ಕೆಂಪು ಕಂದಾಗಬಹುದು. ಇನ್ನೊಂದು ಮುಕ್ಕಾಲು ಗಂಟೆ ಹಾಗೇ ಇಟ್ಟು, ಬಿದಿರು ಕೋಲಿನಿಂದ ಎತ್ತಿ ತಿರುವುತ್ತಾ ಇರಿ. ಅಲ್ಲಿಯವರೆಗೆ ಏನೂ ಇಲ್ಲದಂತಿದ್ದ ಹೂವಿನ ಒಳಭಾಗ ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆ, ಆಮೇಲೆ ಕೆಂಪು.

ಇಂದು ಬಗ್ರುವಿನಲ್ಲಿ ಹೆಚ್ಚಿನವರು ಬಳಸುವುದು ಬೇರಲ್ಲ, ಅಲಿಜರಿನ್ ಪುಡಿ. ಅದು ಮಂಜಿಷ್ಠದ ಬಳಗದ ಗಿಡಬೇರಿನಲ್ಲಿರುವ ಕೆಂಪಿನ ಅಂಶವೇ, 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಅದನ್ನು ಬಳಸಿದ ಬಟ್ಟೆ ಮೋಸದ್ದು ಅಂತ ನಾನು ಹೇಳುವುದಿಲ್ಲ. ಅಳಲೆಕಾಯಿ, ಪಟಿಕ, ತೊಳೆತ, ಬಿಸಿಲು ಎಲ್ಲವೂ ಅದಕ್ಕೂ ಅಷ್ಟೇ ಬೇಕು. ಆದರೆ "ಪೂರ್ತಿ ಬೇರಿನ ಬಣ್ಣ" ಅಂತ ಜಾಸ್ತಿ ಬೆಲೆ ಹೇಳಿದರೆ ಯಾವ ಬೇರು ಅಂತ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ತೆಗೆದ ಮೇಲೆ ನೆಲ ಗುಲಾಬಿಯಾಗಿ ಕಾಣಿಸಿ ಗಾಬರಿಯಾಗಬಹುದು. ಗೋಧಿ ಹೊಟ್ಟು ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಬಿಸಿ ಮಾಡಿ ಜಾಲಿಸಿ, ಹುಲ್ಲಿನ ಮೇಲೆ ಹರಡಿ. ಒಣಗಿದಂತೆಲ್ಲ ನೀರು ಚಿಮುಕಿಸಿ. ಇದಕ್ಕೆ ತಪಾಯಿ ಅಂತಾರೆ. ಎರಡು ಮೂರು ದಿನ ಹೀಗೆ ಮಾಡಿದರೆ ಬಿಸಿಲು ನೆಲದ ಬಣ್ಣ ತಿಂದು ಕೆನೆಗೆ ತರುತ್ತದೆ, ಗಟ್ಟಿ ಕೂತ ಕೆಂಪು ಕಪ್ಪು ಹಾಗೇ ಉಳಿಯುತ್ತವೆ.

ಬಗ್ರುವಿನ ದಾಬು ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಜೇಡಿಮಣ್ಣು, ಸುಣ್ಣ, ಅಂಟು, ಹುಳ ತಿಂದ ಗೋಧಿಯ ಹಿಟ್ಟು ಕಲಸಿ ಅಚ್ಚಿನಿಂದ ಒತ್ತಿ, ಮೇಲೆ ಮರದ ಹೊಟ್ಟು ಉದುರಿಸಿ, ನೀಲಿ ತೊಟ್ಟಿಯಲ್ಲಿ ಅದ್ದುವುದು. ಮಣ್ಣು ಇದ್ದಲ್ಲಿ ನೀಲಿ ಹತ್ತುವುದಿಲ್ಲ. ನೀಲಿ ತೊಟ್ಟಿ ಸಾಕುವುದೇ ಬೇರೆ ವಿದ್ಯೆ. ಎರಡು ದುಪಟ್ಟಾ ಸರಿಯಾಗಿ ಬಂದ ಮೇಲೆ ಅದಕ್ಕೆ ಹೋಗಿ.

ಕೊಳ್ಳುವಾಗ ಏನು ನೋಡಬೇಕು

ಒಂದು ಸಲ ಕೈಯಾರೆ ಮಾಡಿದರೆ ಅಂಗಡಿಯಲ್ಲಿ ನಿಮ್ಮ ಕಣ್ಣು ತಾನಾಗೇ ಕೆಲಸ ಮಾಡುತ್ತದೆ. ಅಚ್ಚುಗಳು ಸೇರುವ ಕಡೆ ಕೂದಲೆಳೆಯಷ್ಟು ಏರುಪೇರು, ಒಂದು ಹೂವಿನಲ್ಲಿ ಬಣ್ಣ ತುಂಬ, ಪಕ್ಕದ್ದರಲ್ಲಿ ಸ್ವಲ್ಪ ಕಡಿಮೆ, ಮೂಲೆಯ ಆ ಚುಕ್ಕೆಗಳು. ಅಚ್ಚಿನಲ್ಲಿ ಒಂದು ಎಸಳು ಮುರಿದಿದ್ದರೆ ಎಲ್ಲ ಹೂವಿನಲ್ಲೂ ಅದು ಮುರಿದೇ ಇರುತ್ತದೆ, ಅದನ್ನು ನೋಡಿ ಮೆಷಿನ್ ಅಂದುಕೊಳ್ಳಬೇಡಿ. ಬಣ್ಣದ ಏರಿಳಿತವೂ ಪ್ರತಿ ಹೂವಿನಲ್ಲಿ ಒಂದೇ ಥರ ಮರುಕಳಿಸಿದರೆ ಮಾತ್ರ ಅನುಮಾನ ಪಡಿ. ಸಾಲು ಸ್ವಲ್ಪ ಓರೆ ಇದೆ ಅಂತ ಬೆಲೆ ಇಳಿಸಲು ಚೌಕಾಸಿ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಓರೆಯೇ ಕೈಯ ಗುರುತು.

ಇನ್ನೊಂದು ಮಾತು. ಈ ಕೆಲಸಗಾರರಿಗೆ ಸ್ವಾತಂತ್ರ್ಯದ ನಂತರ ಮಾರುಕಟ್ಟೆ ಮತ್ತು ಮರ್ಯಾದೆ ಸಿಗುವಂತೆ ಊರೂರು ತಿರುಗಿದವರು ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು ಅವರೇ. ಜೈಪುರಕ್ಕೆ ಹೋದರೆ ಆಮೇರ್‌ನ ಅನೋಖಿ ಕೈಮುದ್ರಣ ವಸ್ತುಸಂಗ್ರಹಾಲಯ ನೋಡಿ, ಆಮೇಲೆ ಬಗ್ರುಗೇ ಹೋಗಿ ಮಾಡಿದವರ ಕೈಯಿಂದಲೇ ಕೊಳ್ಳಿ.

ಒಗೆಯುವುದು

ಮೊದಲ ನಾಲ್ಕು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಅಂಟುವಾಳಕಾಯಿ ನೊರೆಯಲ್ಲಿ. ನೆನೆಹಾಕಿ ಬಿಡಬೇಡಿ. ನೆರಳಿನಲ್ಲಿ ಒಣಗಿಸಿ. ಉಪ್ಪು ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುತ್ತಾರೆ, ಈ ಬಣ್ಣಗಳಿಗೆ ಅದರಿಂದ ಉಪಯೋಗವಿಲ್ಲ, ನಿಲ್ಲಬೇಕಾದದ್ದು ಪಟಿಕದ ಹಂತದಲ್ಲೇ ನಿಂತಿರುತ್ತದೆ. ನಿಂಬೆರಸ, ವಿನೆಗರ್, ಹುಣಸೆ ಹುಳಿ ಮಾತ್ರ ದೂರ ಇಡಿ, ಹುಳಿ ಬಿದ್ದ ಕಡೆ ಕಪ್ಪು ಮಾಸುತ್ತದೆ. ಊಟದಲ್ಲಿ ಸಾರು ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಜಾಡಿಯಲ್ಲಿ ಉಳಿದ ಕಬ್ಬಿಣ ಎಸೆಯಬೇಡಿ. ಇನ್ನೊಂದು ಅಚ್ಚು ಬೆಲ್ಲ, ಒಂದು ಲೀಟರ್ ನೀರು ಹಾಕಿ ಬಾಯಿಗೆ ಬಟ್ಟೆ ಕಟ್ಟಿಡಿ. ಎರಡು ವಾರ ಕಳೆದು, ಮುಂದಿನ ದುಪಟ್ಟಾ ಗಂಜಿ ಬಿಟ್ಟು, ಅಳಲೆಕಾಯಿ ಕುಡಿದು ಒಣಗುವ ಹೊತ್ತಿಗೆ ಅದೂ ಸಿದ್ಧವಾಗಿರುತ್ತದೆ.